ತಪ್ಪು ಬಸ್ಸಿಗೆ ಹತ್ತಿಸಿದ ಮಾರಮ್ಮ

ನಿಮ್ಮ ಮಹದೇವಣ್ಣ ಕಾಣೆಯಾದ ಆ ಮಧ್ಯಾಹ್ನದ ಕಥೆಯನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನನಗೆ ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಭಜನೆ ಮುಗಿದ ಮೇಲೆ "ನಿಮ್ಮ ಅನುಭವ ಹೇಳಿ" ಎಂದು ಕೇಳಿದಾಗಲೂ ಸೆರಗು ಹೊದ್ದು ಗೋಡೆ ಪಕ್ಕ ಕೂತುಬಿಟ್ಟೆ. ಅದಕ್ಕೆ ಬರೆಯುತ್ತಿದ್ದೇನೆ. ಮಾರಮ್ಮ ತಾಯಿಯನ್ನು ನಂಬಿದವರು ಯಾರು ಬೇಕಾದರೂ ಓದಲಿ, ಆದರೆ ಮೊದಲು ನೀವು ಓದಿ, ಮಕ್ಕಳೇ.

ಹೋದ ವರ್ಷ ಮಾಘ ಮಾಸದ ಒಂದು ಭಾನುವಾರ. ನಮ್ಮ ಮಸಿನಗುಡಿಯ ಹುಡುಗರು ಬೈಕುಗಳಲ್ಲಿ ಗೂಡಲೂರು, ದೇವಾಲ ದಾಟಿ ಪಂದಲೂರಿನ ಕಡೆ ಸುತ್ತಿ ಸಂಜೆಗೆ ವಾಪಸ್ಸಾಗುವುದೆಂದು ಹೊರಟರು. ಮಹದೇವನೂ ಅವನ ತಂಗಿ ಚೈತ್ರಳೂ ಅವರ ಜೊತೆ. ನನ್ನ ತಂಗಿ ಪಂದಲೂರಿನಲ್ಲಿ ಕಾಯಿಲೆ ಬಿದ್ದಿದ್ದಳು. "ಬಸ್ಸಲ್ಲಾದ್ರೆ ಇಳಿದು ಹತ್ತಿ ಸಾಕಾಗುತ್ತೆ, ನನ್ನ ಹಿಂದೆ ಕೂತ್ಕೋ ಅಜ್ಜಿ" ಎಂದಳು ಚೈತ್ರ. ನಾನು ಬೇಡ ಬೇಡ ಎನ್ನುತ್ತಲೇ ಕೂತೆ. ಗ್ಯಾರೇಜಿನ ಸಿದ್ದರಾಜು ನನ್ನ ತಲೆಗೆ ಹೆಲ್ಮೆಟ್ ಹಾಕಿ, "ಈಗ ನೋಡಿ, ನಿಮಗೂ ನಮಗೂ ಒಂದೇ ವಯಸ್ಸು" ಎಂದು ನಗಿಸಿದ.

ಗುಂಪಿಗೆ ಸಿದ್ದರಾಜುವೇ ಮುಂದಾಳು. ಅವರದೊಂದು ಕ್ರಮ ಇದೆ. ದಾರಿ ಎಲ್ಲೆಲ್ಲಿ ಕವಲೊಡೆಯುತ್ತದೋ ಅಲ್ಲಲ್ಲಿ ಒಬ್ಬ ನಿಂತು, ಹಿಂದೆ ಬರುವವರಿಗೆ ಯಾವ ಕಡೆ ಹೋಗಬೇಕೆಂದು ಕೈ ತೋರಿಸಬೇಕು. ಕೊನೆಯ ಗಾಡಿ ದಾಟಿದ ಮೇಲೆಯೇ ಅವನು ಜಾಗ ಬಿಡಬೇಕು. ಕೊನೆಯ ಗಾಡಿ ಮಹದೇವನದು. ಅವನು ನಿಧಾನಸ್ಥ, ಆ ಕಡೆಯ ದಾರಿ ಕಂಡವನೂ ಅಲ್ಲ. ಗುರುತಿಗೆ ಅವನ ಗಾಡಿಗೆ ಏನಾದರೂ ಕಟ್ಟಬೇಕು ಎಂದಾಗ ನಾನು ನನ್ನ ಚೀಲದಿಂದ ಬೊಕ್ಕಾಪುರದ ಮಾರಮ್ಮನ ಗುಡಿಯ ಅರಿಶಿನ ಬಟ್ಟೆ ತೆಗೆದುಕೊಟ್ಟೆ. "ಗುರುತೂ ಆಯ್ತು, ಕಾವಲೂ ಆಯ್ತು" ಎಂದ ಸಿದ್ದರಾಜು. ಎಲ್ಲರಿಗೂ ಸರಿ ಅನ್ನಿಸಿತು. ನನಗಂತೂ ಬಹಳ ಸರಿ ಅನ್ನಿಸಿತು.

ದೇವಾಲ ದಾಟಿದ ಮೇಲೆ ಟೀ ತೋಟಗಳ ನಡುವೆ ದಾರಿ ಸುತ್ತಿ ಸುತ್ತಿ ಹೋಗುತ್ತದೆ. ಅಲ್ಲೊಂದು ಕವಲು. ಒಂದು ಮೇಲಿನ ದಾರಿ, ಒಂದು ತೋಟದೊಳಗೆ ಇಳಿಯುವ ಕೆಳಗಿನ ದಾರಿ. ಮೇಲಿನದೇ ನಮ್ಮದು. ಅಲ್ಲಿ ನಿಂತು ಕೈ ತೋರಿಸುವ ಕೆಲಸ ಬಿಜುವಿನದು. ಗೂಡಲೂರಿನ ಮಲಯಾಳಿ ಹುಡುಗ, ಚಿನ್ನದಂಥವನು. ನಾವು ಮುಂದೆ ಒಂದು ಟೀ ಅಂಗಡಿಯಲ್ಲಿ ನಿಂತೆವು. ಎಲ್ಲರೂ ಬಂದರು. ಸ್ವಲ್ಪ ಹೊತ್ತಿಗೆ ಬಿಜುವೂ ಬಂದ. ಮಹದೇವ ಬರಲಿಲ್ಲ.

"ಅವನು ಇಲ್ಲಿ ಇಲ್ವಾ?" ಎಂದು ಬಿಜುವೇ ಕೇಳಿದ. "ನನ್ನ ಕಣ್ಮುಂದೆ ಹೋದ. ಹಳದಿ ಬಟ್ಟೆ ನೋಡಿದೆ. ಅವನು ದಾಟಿದ ಮೇಲೇ ನಾನು ಹೊರಟಿದ್ದು."

"ಹಾಗಾದ್ರೆ ನಮ್ಮನ್ನೂ ದಾಟಿ ಹೋಗಿರಬೇಕಲ್ಲ. ನಾವು ಕಣ್ಣು ಮುಚ್ಕೊಂಡು ಟೀ ಕುಡಿತಿದ್ವಾ?" ಎಂದ ಸಿದ್ದರಾಜು.

ಫೋನು ಹತ್ತಲಿಲ್ಲ. ಬಿಜು ಮೇಲಿನ ದಾರಿಯಲ್ಲೇ ಹೋದ ಎಂದು ಆಣೆ ಹಾಕಿದ್ದರಿಂದ ಎಲ್ಲರೂ ಆ ದಾರಿಯನ್ನೇ ಹಿಂದೆ ಮುಂದೆ ಜಾಲಾಡಿದರು, ಪ್ರತಿ ಚರಂಡಿ ಇಣುಕಿದರು. ನನ್ನನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಚೈತ್ರಳೂ ಹುಡುಕಲು ಹೋದಳು.

ಅಲ್ಲಿಂದ ಮುಂದೆ ನನ್ನ ನೆನಪು ಕಲಸಿಹೋಗಿದೆ. ಬಿಸಿಲಿತ್ತೋ ಮಂಜಿತ್ತೋ ಹೇಳಲಾರೆ. ಒಂದು ಲಾರಿ ಬಂದು ನಿಂತಿತು. ಬೈಕಿನಿಂದ ಬಿದ್ದ ಯಾರೋ ಹುಡುಗನನ್ನು ಗೂಡಲೂರು ಆಸ್ಪತ್ರೆಗೆ ಸಾಗಿಸಿದರಂತೆ ಎಂದು ಡ್ರೈವರು ಅಂಗಡಿಯವಳಿಗೆ ತಮಿಳಿನಲ್ಲಿ ಹೇಳಿದ. ಅವನ ಅಪ್ಪ ಅಮ್ಮನಿಗೆ ಏನೆಂದು ಹೇಳಲಿ? "ತಾಯಿ, ಅವನನ್ನು ಉಳಿಸು. ನನ್ನನ್ನು ಬೇಗ ಗೂಡಲೂರು ಆಸ್ಪತ್ರೆಗೆ ಮುಟ್ಟಿಸು" ಎಂದು ಬೇಡಿಕೊಂಡೆ. ಬೇರೆ ಏನೂ ತೋಚಲಿಲ್ಲ.

ಅಷ್ಟರಲ್ಲಿ ಒಂದು ಬಸ್ಸು ಬಂತು. ನಾನು ಓದಿದ್ದು ಗುಂಡ್ಲುಪೇಟೆ ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಬೆಟ್ಟ ಹತ್ತಿ ಬಂದು ಇಷ್ಟು ವರ್ಷವಾದರೂ ತಮಿಳು ಆಡುತ್ತೇನೆಯೇ ಹೊರತು ಓದಲು ಬರುವುದಿಲ್ಲ. ನಮ್ಮೂರಿನ ಬಸ್ಸಾದರೆ ಕಂಡಕ್ಟರನ ಮುಖ ನೋಡಿ ಹತ್ತುತ್ತೇನೆ. ಇದು ಎಲ್ಲಿಗೆ ಎಂದು ಅಂಗಡಿಯವಳನ್ನು ಒಂದು ಮಾತು ಕೇಳಬಹುದಿತ್ತು. ಗೂಡಲೂರಿನ ದಿಕ್ಕಿಗೆ ಮುಖ ಮಾಡಿದೆಯಲ್ಲ ಎಂದು ಹತ್ತಿಬಿಟ್ಟೆ.

ಬಸ್ಸು ಕವಲಿನವರೆಗೆ ಹೋಗಿ ಕೆಳಗಿನ ದಾರಿಗೆ ತಿರುಗಿತು.

"ಪಾಟಿ, ಎಂಗೆ ಪೋಗಣುಂ?" ಎಲ್ಲಿಗೆ ಹೋಗಬೇಕು ಎಂದು ಕಂಡಕ್ಟರ್ ಕೇಳಿದ. ಗೂಡಲೂರು ಎಂದೆ. ಅವನು ತಲೆ ಚಚ್ಚಿಕೊಂಡ. ಇದು ತೋಟದ ಬಸ್ಸು, ಬೋರ್ಡು ನೋಡಿ ಹತ್ತಬಾರದೇ, ಮುಂದಿನ ತಿರುವಿನಲ್ಲಿ ಇಳಿದುಕೊಳ್ಳಿ ಎಂದ. ಸಂತೆ ಚೀಲ ಹಿಡಿದ ಹೆಂಗಸೊಬ್ಬಳು, "ಇರ್ಲಿ ಬಿಡಪ್ಪ, ನಮ್ಮ ಜೊತೆ ಎಲೆ ಕೀಳೋಕೆ ಬರ್ತಾರೆ" ಎಂದು ನಗಾಡಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಾಚಿಕೆಗೆ ಮುಖ ಎಲ್ಲಿಡಲಿ ಎಂದು ತಿಳಿಯದೆ ಕಿಟಕಿಯ ಕಡೆ ತಿರುಗಿದೆ. ಕಣ್ಣಲ್ಲಿ ನೀರು. ನೀನೂ ಕೈ ಬಿಟ್ಟೆಯಲ್ಲ ತಾಯಿ, ಕೇಳಿದ್ದೊಂದು ಕೊಟ್ಟಿದ್ದೊಂದು ಎಂದು ಒಳಗೇ ಬೈದೆ.

ಆ ನೀರಿನಲ್ಲೇ ಕಂಡಿತು. ಕೆಳಗೆ ಟೀ ಗಿಡಗಳ ಮೇಲೆ ಒಂದು ಚಕ್ರ, ಮೇಲ್ಮುಖವಾಗಿ. ರಸ್ತೆಯ ಅಂಚಿನಲ್ಲಿ ಲಂಟಾನ ಎದೆಯೆತ್ತರಕ್ಕೆ ಬೆಳೆದಿತ್ತು. ಬೈಕಿನಲ್ಲಿ ಹೋಗುವವರಿಗೆ ಅದರಾಚೆ ಏನೂ ಕಾಣುವಂತಿರಲಿಲ್ಲ. ಬಸ್ಸಿನ ಎತ್ತರಕ್ಕೆ ಕಂಡಿತು.

ನಾನು ಎದ್ದು ಬಸ್ಸಿನ ಮೈಯನ್ನು ಬಡಿದೆನಂತೆ. ಕೂಗಿದೆನಂತೆ. ಆ ಹೆಂಗಸು ಆಮೇಲೆ ಹೇಳಿದ್ದು. ಡ್ರೈವರೂ ಗಂಡಸರೂ ಇಳಿದು ಓಡಿದರು. ಮಹದೇವ ಗಿಡಗಳ ಸಾಲಿನ ನಡುವೆ ಬಿದ್ದಿದ್ದ. ತೊಡೆ ಮುರಿದು ರಕ್ತ ಹರಿದಿತ್ತು. ಕೂಗಿ ಕೂಗಿ ದನಿ ಹೋಗಿತ್ತು. ನನ್ನನ್ನು ಕಂಡು, "ಅಜ್ಜಿ, ನೀನ್ ಹೇಗ್ ಬಂದೆ?" ಎಂದ. ಸೆರಗಿನಿಂದ ಅವನ ಮುಖ ಒರೆಸಿದೆ.

ಸಂತೆಯ ಹೆಂಗಸು ತನ್ನ ಹೊಸ ಕಂಬಳಿಯನ್ನೇ ಹಾಸಿಕೊಟ್ಟಳು. ಅವನನ್ನು ಅದರಲ್ಲಿ ಎತ್ತಿ ಬಸ್ಸಿನ ನಡುವೆ ಮಲಗಿಸಿದರು. ಆಂಬುಲೆನ್ಸಿಗೆ ಕಾಯುವುದು ಬೇಡ ಎಂದು ಡ್ರೈವರು ಬಸ್ಸನ್ನೇ ತಿರುಗಿಸಿದ. ಮನೆಗೆ ಹೊರಟಿದ್ದ ಜನ ಒಬ್ಬರೂ ಬೇಡ ಎನ್ನಲಿಲ್ಲ. "ಪಾಟಿ ಕೇಟ್ಟ ಊರುಕ್ಕೇ ಪೋರೋಂ" ಎಂದ ಕಂಡಕ್ಟರ್. ಅಜ್ಜಿ ಕೇಳಿದ ಊರಿಗೇ ಹೋಗುತ್ತಿದ್ದೇವೆ ಎಂದು. ಗೂಡಲೂರು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿತು ಆ ಬಸ್ಸು. ಸಂಜೆಯವರೆಗೆ ಅಲ್ಲೇ ಬಿದ್ದಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರಮ್ಮ.

ಸುದ್ದಿ ಮುಟ್ಟಿದ್ದೇ ಬಿಜು ಆಸ್ಪತ್ರೆಗೆ ಓಡಿ ಬಂದು ನನ್ನ ಕಾಲ ಬಳಿ ಕೂತುಬಿಟ್ಟ. "ಅಮ್ಮಚ್ಚೀ, ನಾನು ನೋಡಿದ್ದು ಬೇರೆ ಗಾಡಿ." ಬೊಕ್ಕಾಪುರದ ಮಾರಮ್ಮನಿಗೆ ಹರಕೆ ತೀರಿಸಿ ಮರಳುತ್ತಿದ್ದ ಯಾರೋ ಅದೇ ಬಣ್ಣದ ಬೈಕಿಗೆ ಅದೇ ಹಳದಿ ಬಟ್ಟೆ ಕಟ್ಟಿಕೊಂಡಿದ್ದರು. ಟೀ ಅಂಗಡಿಗೂ ಮೊದಲೇ ಸಿಗುವ ಒಂದು ಮನೆಯ ಮುಂದೆ ಆ ಗಾಡಿ ನಿಂತಿದ್ದನ್ನು ಬಿಜು ಹುಡುಕುವಾಗ ಕಂಡನಂತೆ. ಅವರು ದಾಟಿದ್ದೇ ಕೊನೆಯ ಗಾಡಿ ಹೋಯಿತೆಂದು ಬಿಜು ಹೊರಟ. ಮಹದೇವ ಬಂದಾಗ ಕವಲಿನಲ್ಲಿ ಯಾರೂ ಇಲ್ಲ. ಅವನು ಕೆಳಗಿನ ದಾರಿ ಹಿಡಿದ.

ಮಕ್ಕಳೇ, ಇಲ್ಲೇ ನನ್ನ ತಲೆ ತಿರುಗುವುದು. ಮಾರಮ್ಮನ ಬಟ್ಟೆಯಿಂದಲೇ ಮಹದೇವ ದಾರಿ ತಪ್ಪಿದ. ನಾನು ತಪ್ಪಿದ್ದರಿಂದಲೇ ಅವನು ಸಿಕ್ಕಿದ. ಲಾರಿಯವನು ಹೇಳಿದ ಹುಡುಗ ಪಕ್ಕದ ಮಂಚದಲ್ಲಿದ್ದ, ಯಾರದೋ ಮಗ, ಭುಜಕ್ಕೆ ಕಟ್ಟು ಹಾಕಿದ್ದರು. ಅವನ ತಾಯಿಯೂ ಯಾವುದೋ ದೇವರನ್ನು ಕೂಗಿಕೊಂಡೇ ಬಂದಳು. ಅವಳ ಹುಡುಗ ಬೀಳದಿದ್ದರೆ ಆ ಸುದ್ದಿ ಬರುತ್ತಿರಲಿಲ್ಲ, ನಾನು ಬಸ್ಸು ಹತ್ತುತ್ತಿರಲಿಲ್ಲ. ಅವನು ಬಿದ್ದದ್ದೂ ನನಗೋಸ್ಕರ ಎನ್ನಲು ಮನಸ್ಸು ಬರಲಿಲ್ಲ. ಮಹದೇವನಿಗೆ ತರಿಸಿದ ಗಂಜಿಯಲ್ಲಿ ಅವನಿಗೂ ಒಂದು ಲೋಟ ಕೊಟ್ಟೆ.

ಊಟಿಯಲ್ಲಿ ಆಪರೇಷನ್ ಆಯಿತು. ನಿಮ್ಮಣ್ಣ ಈಗ ಕುಂಟದೆ ನಡೆಯುತ್ತಾನೆ. "ಎಲ್ಲ ತಾಯಿಯ ಲೀಲೆ" ಎಂದು ಭಜನೆಯವರು ಬಾಯಿ ತುಂಬ ಹೇಳುತ್ತಾರೆ. "ಅಜ್ಜಿಗೆ ಓದೋಕೆ ಬರ್ದೇ ಇದ್ದಿದ್ದು ಒಳ್ಳೇದಾಯ್ತು, ಅಷ್ಟೇ" ಎನ್ನುತ್ತಾಳೆ ಚೈತ್ರ. ಇಬ್ಬರಿಗೂ ಹೂಂ ಎನ್ನುತ್ತೇನೆ. ಆ ದಿನದಲ್ಲಿ ಮಾರಮ್ಮ ಮಾಡಿದ್ದು ಯಾವುದು, ಅವಳದಲ್ಲದ್ದು ಯಾವುದು ಎಂದು ಬಿಡಿಸಿ ಇಡಲು ನನಗೆ ಬರುವುದಿಲ್ಲ. ದೀಪ ಹಚ್ಚಿದಾಗ ಆ ಇಡೀ ದಿನಕ್ಕೇ ಕೈ ಮುಗಿಯುತ್ತೇನೆ.