ಹದಿನೇಳನೇ ಕಂಪ್ಯೂಟರ್ ಮತ್ತು ನಾಲ್ಕನೇ ಜ್ವರ

ಆಶಾರಾಣಿಗೆ ಸಕ್ಕರೆ ಕಾಯಿಲೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಮೇಲೂರಿನಲ್ಲಿ ಬಹಳ ಜನ ಇದೆ ಎಂದೇ ನಂಬಿದ್ದರು. ಇದನ್ನು ಬರೆಯುತ್ತಿರುವವನಂತೂ ಒಂದು ಪೊಟ್ಟಣ ಮೆಂತ್ಯದ ಪುಡಿಯನ್ನು ಅವಳ ಮನೆಗೇ ಮುಟ್ಟಿಸಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಎಂದು ಬುದ್ಧಿ ಹೇಳಿ ಬಂದಿದ್ದ. ಮೂವತ್ತೊಂಬತ್ತರ ಹೆಂಗಸು ದಿನಾ ಆರು ಗಂಟೆಗೇ ತಾರಸಿ ಹತ್ತಿ, ಆ ಗೋಡೆಯಿಂದ ಈ ಗೋಡೆಗೆ ಬಿರಬಿರನೆ ನಡೆಯುತ್ತ, ನಡುವೆ ಗಕ್ಕನೆ ನಿಂತು ತಲೆ ಕೊಡವಿ ಮತ್ತೆ ನಡೆದರೆ ನೋಡಿದವರು ಇನ್ನೇನು ತಿಳಿಯಬೇಕು? ಆಶಾರಾಣಿ ಪುಡಿಯನ್ನು ಮರ್ಯಾದೆಯಿಂದ ತೆಗೆದುಕೊಂಡಳು. ಸಾರಿಗೆ ಹಾಕಿದಳು.

ಅವಳನ್ನು ಹಾಗೆ ನಡೆಸುತ್ತಿದ್ದದ್ದು ಒಂದು ಪ್ಯಾಕೇಜ್ ಮ್ಯಾನೇಜರ್.

ಅವಳು ಊರಂಚಿನ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರು. ಅಲ್ಲಿರುವ ಇಪ್ಪತ್ತೆರಡು ಕಂಪ್ಯೂಟರುಗಳಿಗೂ ವಯಸ್ಸಾಗಿದೆ. ಇಂಥ ಮುದಿ ಯಂತ್ರಗಳಿಗೆಂದೇ ಜಿಲ್ಲೆಯ ಹತ್ತು ಹನ್ನೆರಡು ಮಂದಿ ಮೇಷ್ಟ್ರುಗಳು, ಆಸಕ್ತರು ಸೇರಿ ‘ಹೊಂಗೆ’ ಎಂಬ ಲಿನಕ್ಸ್, ಅಂದರೆ ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶ, ಕಟ್ಟಿದ್ದರು. ಕಂಪ್ಯೂಟರಿಗೆ ಒಂದು ಹೊಸ ತಂತ್ರಾಂಶ ಬೇಕೆಂದರೆ ಅದೊಂದೇ ಬರುವುದಿಲ್ಲ. ಮದುವೆಗೆ ಕರೆದ ನೆಂಟರ ಹಾಗೆ ಬೆನ್ನ ಹಿಂದೆ ಇನ್ನೊಂದಷ್ಟು ಜನರನ್ನು ಕಟ್ಟಿಕೊಂಡು ಬರುತ್ತದೆ. ಬಂದವರಿಗೆ ಜಾಗ ತೋರಿಸಿ, ಹಳಬರನ್ನು ಎಬ್ಬಿಸಿ, ಜಗಳವಾಗದಂತೆ ನೋಡಿಕೊಳ್ಳುವ ಯಜಮಾನನೇ ಪ್ಯಾಕೇಜ್ ಮ್ಯಾನೇಜರ್.

ಹೊಂಗೆಯ ಆಗಿನ ಯಜಮಾನನನ್ನು ಬರೆದವನು ಚಿಂತಾಮಣಿಯ ಚೈತನ್ಯ. ಗುಂಪಿಗೂ ಅವನೇ ಮುಖಂಡ. ಅವನ ಯಜಮಾನ ಕರೆಂಟ್ ಹೋದರೆ ಅರ್ಧ ಕೆಲಸ ಮಾಡಿ ಕೈಚೆಲ್ಲಿ ಕೂರುತ್ತಿದ್ದ. ಮಾರನೆಯ ದಿನ ಲ್ಯಾಬಿನಲ್ಲಿ ಅರ್ಧ ಕಂಪ್ಯೂಟರು ಹೊಸದು, ಅರ್ಧ ಹಳೆಯದು, ಎರಡೋ ಮೂರೋ ಎರಡೂ ಅಲ್ಲದ್ದು. ಆಶಾರಾಣಿ ಇದನ್ನು ಗುಂಪಿನ ಗಮನಕ್ಕೆ ತಂದಾಗ, ಕರೆಂಟ್ ಸರಿಮಾಡಿಸಿಕೊಳ್ಳಿ ಎಂದು ಚೈತನ್ಯ ಸಲಹೆ ಕೊಟ್ಟ. ಹೊಸ ಯಜಮಾನನನ್ನು ತಾನೇ ಬರೆಯುತ್ತೇನೆಂದು ಅವತ್ತು ತಾರಸಿ ಹತ್ತಿದವಳು ಎರಡು ವರ್ಷ ಇಳಿಯಲಿಲ್ಲ.

ಗಂಡ ಮೋಹನ್‌ಬಾಬು ಹಾಲಿನ ಡೇರಿಯ ಸೆಕ್ರೆಟರಿ. ಹೆಂಡತಿ ಸಂಶೋಧನೆ ಮಾಡುತ್ತಿದ್ದಾಳೆ ಎಂದು ಹಾಲು ತಂದವರಿಗೆಲ್ಲ ಹೇಳಿದ್ದ. ಯಾವುದರ ಮೇಲೆ ಎಂದು ಕೇಳಿದರೆ, ಅದನ್ನೆಲ್ಲ ಈಗಲೇ ಹೊರಗೆ ಬಿಡುವ ಹಾಗಿಲ್ಲ ಎಂದು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸುತ್ತಿದ್ದ. ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಉಪಾಯ ಹೊಳೆದದ್ದು ಅತ್ತೆಯ ಹುಳದ ಮನೆಯಲ್ಲಿ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಕದಲದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಶಾರಾಣಿ ವಿದುರಾಶ್ವತ್ಥದ ಕಡೆಯವಳು. ತವರಿನಲ್ಲಿ ಮುಸುಕಿನ ಜೋಳ ಗೊತ್ತು, ಹುಳ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ, ಪಾಪ ಹಸಿದಿವೆ ಎಂದು ಮೊದಲು ಎದ್ದ ನಾಲ್ಕು ಹುಳಕ್ಕೆ ಸೊಪ್ಪು ಹಾಕಿ ಅತ್ತೆ ಅಕ್ಕಯ್ಯಮ್ಮನ ಕೈಲಿ ಬೈಸಿಕೊಂಡಿದ್ದಳು. ಮುಂಚೆ ಎದ್ದವು ಮುಂಚೆ ತಿಂದರೆ ಬೆಳೆ ಏರುಪೇರಾಗುತ್ತದೆ, ಎಲ್ಲಾ ಎದ್ದ ಮೇಲೇ ಸೊಪ್ಪು ಎಂದಿದ್ದರು ಅಕ್ಕಯ್ಯಮ್ಮ. ಅದೇ ಮಾತನ್ನು ಆಶಾರಾಣಿ ಪ್ರೋಗ್ರಾಮಿನಲ್ಲಿ ಬರೆದಳು. ಬೇಕಾದ ಚೂರುಗಳೆಲ್ಲ ಬಂದು, ಲ್ಯಾಬಿನ ಅಷ್ಟೂ ಕಂಪ್ಯೂಟರು ‘ಸಿದ್ಧ’ ಎನ್ನುವವರೆಗೆ ಒಂದೂ ಬದಲಾಗಬಾರದು. ಆಮೇಲೆ ಎಲ್ಲವೂ ಒಟ್ಟಿಗೆ.

ಒಂದು ಶುಕ್ರವಾರ ಚೈತನ್ಯ ಪರೀಕ್ಷೆಗೆ ಬಂದ. ಭಾನುವಾರ ಸಂಜೆ ಗುಂಪಿನ ತೀರ್ಮಾನ. ಮೇಲೂರಿನ ಲ್ಯಾಬಿನಲ್ಲಿ ತಪ್ಪಿಲ್ಲದೆ ನಡೆದರೆ ಹೊಂಗೆಯ ಮುಂದಿನ ಆವೃತ್ತಿಗೆ ಆಶಾರಾಣಿಯ ಯಜಮಾನ. ಇಲ್ಲವಾದರೆ ಹಳೆಯವನೇ ಮುಂದುವರಿಯುತ್ತಾನೆ, ಎರಡು ವರ್ಷ ನೀರಿಗೆ ಬಿತ್ತು.

ಆಶಾರಾಣಿ ಒಂದು ಸಾಲು ಟೈಪ್ ಮಾಡಿ ಗುಂಡಿ ಒತ್ತಿದಳು. ಹತ್ತು ನಿಮಿಷಕ್ಕೆ ಇಪ್ಪತ್ತೊಂದು ಪರದೆಗಳ ಮೇಲೆ ‘ಸಿದ್ಧ, ಕಾಯುತ್ತಿದೆ’ ಎಂದು ಮೂಡಿತು. ಹದಿನೇಳನೆಯದು ಗುರ್ ಎನ್ನುತ್ತಲೇ ಇತ್ತು. ಅದನ್ನು ಶಾಲೆಗೆ ದಾನ ಕೊಟ್ಟವರು ಸಮಿತಿಯ ಅಧ್ಯಕ್ಷ ಹನುಮಂತರಾಯಪ್ಪನವರು. ಅವರ ಹೆಸರು ಅದರ ನೆತ್ತಿಯಿಂದ ಪಾದದವರೆಗೆ ಕೆಂಪು ಬಣ್ಣದಲ್ಲಿ ಬರೆದಿತ್ತು. ಆದ್ದರಿಂದ ಅದು ಕೆಟ್ಟಿದೆ ಎನ್ನುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಆಶಾರಾಣಿ ಎದ್ದಳು, ಕೂತಳು, ಕಿಟಕಿ ತೆರೆದಳು, ಮುಚ್ಚಿದಳು, ಕಪ್ಪುಹಲಗೆಯ ಮೇಲೆ ಯಾರೋ ಬರೆದಿದ್ದ ಲೆಕ್ಕವನ್ನು ಒರೆಸಿದಳು. ಚೈತನ್ಯ ಬಿಸ್ಕತ್ತಿನ ಪೊಟ್ಟಣ ಪೂರ್ತಿ ಮುಗಿಸಿ ಕೈ ಒದರಿಕೊಂಡ.

"ಒಂದು ಕೆಟ್ಟಿದ್ದು ಇಪ್ಪತ್ತೊಂದು ಒಳ್ಳೇದನ್ನ ಕಟ್ಟಾಕ್ಬಿಡ್ತಲ್ಲ ಮೇಡಂ. ನಂದಾಗಿದ್ರೆ ಅರ್ಧ ಕೆಲ್ಸ ಆದ್ರೂ ಮಾಡಿರ್ತಿತ್ತು."

ಭಾನುವಾರ ಬೆಳಗ್ಗೆ ಇನ್ನೊಂದು ಸಲ ಬರುತ್ತೇನೆ ಎಂದು ಹೊರಟ. ಅವನು ದೊಡ್ಡ ಮನಸ್ಸು ಮಾಡಿದ್ದು ಅವನ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಆಶಾರಾಣಿ ನಡೆದೇ ಮನೆಗೆ ಹೊರಟಳು. ತಮ್ಮ ಗೇಟನ್ನು ದಾಟಿ ಬಂದದ್ದು, ಹಿಪ್ಪುನೇರಳೆ ತೋಟಗಳ ಬದುವಿನ ಮೇಲೆ ಅರ್ಧ ಮೈಲಿ ಮುಂದೆ ಹೋದ ಮೇಲೆ ಗೊತ್ತಾಯಿತು. ಹದಿನೇಳನ್ನು ಪಟ್ಟಿಯಿಂದಲೇ ತೆಗೆದುಬಿಡಲೇ? ಇವತ್ತು ಹದಿನೇಳು; ನಾಳೆ ಇನ್ನೊಂದು ಶಾಲೆಯಲ್ಲಿ ಐದನೆಯದು ಹೀಗೇ ಕೂರುತ್ತದೆ, ಆಗ? ಯಾರಿಗೂ ಕಾಯದೆ ಹೊರಟರೆ ಅದು ಚೈತನ್ಯನದ್ದೇ ಆಯಿತು. ವಾಪಸು ಬಂದಳು. ತಾರಸಿಗೆ ಹೋಗಲು ಕಾಲು ಬರಲಿಲ್ಲ. ಹುಳದ ಮನೆಗೆ ಹೋದಳು.

ಹುಳ ನಾಲ್ಕನೇ ಜ್ವರದಿಂದ ಏಳುತ್ತಿದ್ದವು. ಅಕ್ಕಯ್ಯಮ್ಮ ಸ್ಟ್ಯಾಂಡಿನ ಮೇಲೆ ಆಗಲೇ ಸೊಪ್ಪು ಹರಡುತ್ತಿದ್ದರು. ಆಶಾರಾಣಿ ಬಗ್ಗಿ ನೋಡಿದಳು. ಅಲ್ಲೊಂದು ಇಲ್ಲೊಂದು ಹುಳ ಇನ್ನೂ ತಲೆ ಎತ್ತಿಕೊಂಡು ಕೂತೇ ಇತ್ತು. ಅವಳು ಅತ್ತೆಯ ಕೈ ಹಿಡಿದಳು.

"ಇನ್ನೂ ಎಲ್ಲಾ ಎದ್ದಿಲ್ಲವಲ್ಲ ಅತ್ತೆ. ಎಲ್ಲಾ ಎದ್ದ ಮೇಲೇ ಸೊಪ್ಪು ಅಂತ ನೀವೇ ಹೇಳಿದ್ದು."

"ಏಮಮ್ಮಾ, ಎಲ್ಲಾ ಅಂದ್ರೆ ಒಂದೂ ಬಿಡ್ದಂಗೆ ಅಂತೀಯಾ?" ಅಕ್ಕಯ್ಯಮ್ಮ ಕೈ ಬಿಡಿಸಿಕೊಂಡರು. "ಹೆಚ್ಚುಪಾಲು ಏಳೋಗಂಟ ಕಾಯ್ಬೇಕು. ಆಮೇಲೆ ನಾಕು ಸೋಂಬೇರಿಗಳಿಗೋಸ್ಕರ ಮಿಕ್ಕಿದ್ದನ್ನೆಲ್ಲ ಉಪವಾಸ ಕೆಡವ್ತಾರೇನಮ್ಮ? ಅವನ್ನ ಎತ್ತಿ ಬೇರೆ ತಟ್ಟೆಗೆ ಹಾಕು. ಎದ್ದಾಗ ಎದ್ದು ತಿಂತವೆ."

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?"

"ಹದಿನಾಲ್ಕು ವರ್ಷದಿಂದ ಇದೇ ಮನೇಲಿದೀಯ. ಕಣ್ಣು ಕಂಪ್ಯೂಟರಲ್ಲಿಟ್ಟಿದ್ರೆ ಇದೆಲ್ಲಿ ಕಾಣುತ್ತೆ?"

ಆಶಾರಾಣಿ ಎದ್ದಿರದ ಹುಳಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಗೆ ಹಾಕಿದಳು. ಅರ್ಧದಲ್ಲೇ ತಟ್ಟೆಯನ್ನು ಅತ್ತೆಯ ಕೈಗಿತ್ತು ಓಡಿದಳು.

ಶನಿವಾರ ಶಾಲೆಯಿಂದ ಮಧ್ಯಾಹ್ನವೇ ಬಂದು ಕೂತಳು. ಕೂತಳು ಎನ್ನುವುದು ಮಾತಿಗೆ. ಲ್ಯಾಪ್‌ಟಾಪನ್ನು ಫ್ರಿಜ್ಜಿನ ಮೇಲಿಟ್ಟು ನಿಂತೇ ಬರೆದಳು. ಕಾಯುವುದಕ್ಕೊಂದು ಗಡುವು ಇಟ್ಟಳು. ಗಡುವಿನೊಳಗೆ ಏಳದ ಯಂತ್ರಕ್ಕೆ ಬೇರೆ ತಟ್ಟೆ. ಅದು ಎದ್ದ ದಿನ ತನ್ನ ಪಾಲನ್ನು ತಾನೇ ತೆಗೆದುಕೊಳ್ಳಲಿ. ಬರೆದದ್ದು ಮೂವತ್ತೇ ಸಾಲು. ಮೋಹನ್‌ಬಾಬು ಮೊಸರು ತೆಗೆಯಲು ಬಂದು, ಫ್ರಿಜ್ಜಿನ ಬಾಗಿಲು ತೆರೆಯಲು ಅಪ್ಪಣೆ ಸಿಗದೆ, ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಉಂಡ.

ಭಾನುವಾರ ಚೈತನ್ಯನ ಎದುರಿಗೆ ಮತ್ತೆ ಗುಂಡಿ ಒತ್ತಿದ ಐದನೇ ನಿಮಿಷಕ್ಕೆ ಕರೆಂಟ್ ಹೋಯಿತು. ಚೈತನ್ಯ ಛಾವಣಿ ನೋಡಿದ. ಆಶಾರಾಣಿ ಬಾಗಿಲಿಗೂ ಮೇಜಿಗೂ ಹದಿನೆಂಟು ಸಲ ಓಡಾಡಿದಳು. ಕರೆಂಟ್ ಬಂತು. ಇಪ್ಪತ್ತೊಂದೂ ಹಳೆಯ ರೂಪದಲ್ಲೇ, ಒಂದು ಚೂರೂ ಕೆಡದೆ ಎದ್ದವು. ನಿಂತಲ್ಲಿಂದಲೇ ಕೆಲಸ ಮುಂದುವರಿಯಿತು. ಸಿದ್ಧ ಎಂದವು. ಗಡುವು ಮುಗಿಯುತ್ತಲೇ ಹದಿನೇಳು ಬೇರೆ ತಟ್ಟೆಗೆ ಹೋಯಿತು, ಉಳಿದವೆಲ್ಲ ಒಟ್ಟಿಗೆ ಹೊಸದಾದವು.

ಚೈತನ್ಯ ಇಪ್ಪತ್ತೊಂದು ಪರದೆಗಳನ್ನೂ ಒಂದೊಂದಾಗಿ ನೋಡಿಕೊಂಡು ಬಂದ. ತನ್ನದು ಆರು ವರ್ಷ ದುಡಿದಿತ್ತು ಎಂದ. ಆಮೇಲೆ, ಸಂಜೆ ಗುಂಪಿಗೆ ತಾನೇ ಹೇಳುತ್ತೇನೆ, ಮುಂದಿನ ಆವೃತ್ತಿಗೆ ನಿಮ್ಮದೇ ಎಂದ. ಆಶಾರಾಣಿಗೆ ಕುಣಿಯಬೇಕೆನಿಸಬೇಕಾಗಿತ್ತು. ಅದರ ಬದಲು, ಹೊಸ ಆವೃತ್ತಿಯಲ್ಲಿ ಬೇಡದ ತಂತ್ರಾಂಶ ಅಳಿಸುವ ಕೆಲಸ ಬಹಳ ನಿಧಾನ, ಅದನ್ನು ಸರಿಮಾಡಬೇಕು ಎನಿಸಿತು. ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು.

ಬಾಗಿಲಲ್ಲಿ ಹನುಮಂತರಾಯಪ್ಪನವರು ನಿಂತಿದ್ದರು. ಮೋಹನ್‌ಬಾಬು ಡೇರಿಯಲ್ಲಿ ಬಾಯಿಬಿಟ್ಟಿದ್ದನೆಂದು ಕಾಣುತ್ತದೆ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೊತೆಗೊಬ್ಬ ಫೋಟೋದವನು. ನೇರವಾಗಿ ಹದಿನೇಳನೇ ಕಂಪ್ಯೂಟರಿನ ಬಳಿಗೆ ಹೋಗಿ, ಹೆಸರು ಪೂರ್ತಿ ಕಾಣುವಂತೆ ಸರಿದು ನಿಂತು, ಅದರ ತಲೆ ಸವರಿದರು.

"ಸೋಮವಾರ ಪ್ರಾರ್ಥನೆ ಆದ್ಮೇಲೆ ನಾನು ಎರಡು ಮಾತಾಡ್ಬೇಕು ಮೇಡಂ. ಈ ಸಾಧನೇಲಿ ನಮ್ಮ ಕಂಪ್ಯೂಟರು ಏನು ಮಾಡ್ತು ಅಂತ ಹೇಳ್ಲಿ?"

"ಏಳ್ಲಿಲ್ಲ ಸಾರ್," ಎಂದಳು ಆಶಾರಾಣಿ.