ಆಯುಧಪೂಜೆಯ ದಿನ ಕಿತ್ತ ಪ್ಲಗ್

ಇವತ್ತು ಆಯುಧಪೂಜೆಗೆ ಅಂಜನಾಪುರದಲ್ಲಿ ಅಕ್ಕನ ಮನೆ ಮುಂದೆ ಬೂದುಗುಂಬಳಕಾಯಿ ಒಡೆದರು. ಆ ಹಸಿ ವಾಸನೆಗೆ ಈಗಲೂ ನನಗೆ ಹಳೆಯದೊಂದು ಪೂಜೆಯ ದಿನ ನೆನಪಾಗುತ್ತದೆ.

ಅಕ್ಕ ಕಾಲೇಜಿನಲ್ಲಿದ್ದಾಗ ಚಿಕ್ಕಲಸಂದ್ರದಲ್ಲಿ ಅಪ್ಪ ಲಗ್ನಪತ್ರಿಕೆ ಅಂಗಡಿ ಇಟ್ಟಿದ್ದರು. ಅಲ್ಲಿದ್ದ ಒಂದೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ ನೋಡಿಕೊಳ್ಳುತ್ತಿದ್ದವಳು ಅವಳೇ. ಆಯುಧಪೂಜೆಯ ಬೆಳಿಗ್ಗೆ, ತುಂಬಿಹೋಗಿದ್ದ ಡಿಸ್ಕಿನ ಒಂದು ಭಾಗ ಕುಗ್ಗಿಸಿ ಇನ್ನೊಂದನ್ನು ಹಿಗ್ಗಿಸಲು ಕಪ್ಪು ಪರದೆಯಲ್ಲಿ ಕಮಾಂಡ್ ಕೊಟ್ಟಿದ್ದಳು.

"ಅಪ್ಪಾ, ಅರ್ಧ ಆಗಿದೆ, ಆಫ್ ಮಾಡ್ಬೇಡಿ, ಎಲ್ಲಾ ಹಾಳಾಗುತ್ತೆ!"

"ಪೂಜೆ ಟೈಮಲ್ಲಿ ಮಿಷಿನ್ ಓಡ್ಬಾರ್ದು ಕಣೇ," ಎಂದು ಅಪ್ಪ ಪ್ಲಗ್ ಕಿತ್ತು ಮಾನಿಟರಿಗೆ ವಿಭೂತಿ ಬಳಿದರು.

ಮಂಗಳಾರತಿಯಾದ ಮೇಲೆ ಕಂಪ್ಯೂಟರ್ ಏಳಲೇ ಇಲ್ಲ. ಅಪ್ಪ ಕೀಬೋರ್ಡ್ ಎತ್ತಿ ಅಕ್ಕನ ಮುಖಕ್ಕೆ ಬಡಿದರು. ತುಟಿ ಸೀಳಿತು, ಕೀಲಿಗಳು ಕುಂಬಳದ ಬೀಜಗಳಂತೆ ನೆಲಕ್ಕೆ ಚೆಲ್ಲಿದವು. ಬಿಡಿಸಲು ಬಂದ ಅಮ್ಮನಿಗೂ ಏಟು ಬಿತ್ತು. ಆಯುಧಗಳಿಗೆಲ್ಲ ರಜೆಯ ದಿನ. ಅಪ್ಪನ ಕೈಗೆ ಮಾತ್ರ ರಜೆಯಿರಲಿಲ್ಲ. ನಾನು ಕಡ್ಲೆಪುರಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ಅಕ್ಕ ಅಳಲಿಲ್ಲ. ಕೀಲಿಗಳನ್ನು ಆಯ್ದು ಒತ್ತಿ ಕೂರಿಸಿ, ಕೆಟ್ಟ ಕಂಪ್ಯೂಟರನ್ನು ಎಬ್ಬಿಸುವ ರೆಸ್ಕ್ಯೂ ಸಿಡಿ ಹಾಕಿ, ಕಾಲೇಜು ಬ್ಯಾಗಿನಿಂದ ಇನ್ನೊಂದು ಡಿಸ್ಕ್ ತೆಗೆದು ಜೋಡಿಸಿದಳು. ಸಂಜೆಯೊಳಗೆ ಲಗ್ನಪತ್ರಿಕೆಗಳೆಲ್ಲ ವಾಪಸ್ಸು ಬಂದವು.

"ಬ್ಯಾಕಪ್ ಇತ್ತಾ? ಮೊದ್ಲೇ ಹೇಳೋಕೇನಾಗಿತ್ತು?" ಅಪ್ಪ ಗದರಿದರು.

"ಹೇಳೋಕೆ ಬಾಯಿ ತೆಗ್ದೆ. ನಿಮ್ ಕೈ ಮೊದ್ಲು ಬಂತು."

ಇವತ್ತು ಮುದುಕರಾದ ಅಪ್ಪ ವಿಭೂತಿ ಹಿಡಿದು ಅವಳ ಲ್ಯಾಪ್‌ಟಾಪಿನ ಹತ್ತಿರ ಬಂದರು. "ಆಫ್ ಮಾಡ್ಲೇನಮ್ಮಾ?" ಎಂದು ಮೆಲ್ಲಗೆ ಕೇಳಿ ಕೈ ಚಾಚಿದರು.

ಅಕ್ಕ ಥಟ್ಟನೆ ಮುಖಕ್ಕೆ ಕೈ ಅಡ್ಡ ಹಿಡಿದಳು.