ಪ್ರಾರ್ಥನೆಯ ಬಿಡುವಿನಲ್ಲಿ ಮುಗಿದ ಆಯ್ಕೆ

ಒಬ್ಬ ತಾಯಿಗೆ ಉತ್ತರಿಸುವುದನ್ನು ತಪ್ಪಿಸಿಕೊಳ್ಳಲು ನೀವು ಪ್ರಾರ್ಥನೆಯ ಹೊತ್ತನ್ನು ಬಳಸಿಕೊಂಡಿರಿ. ಸಮಾವೇಶದ ಅಧ್ಯಕ್ಷರೇ, ವೇದಿಕೆಯ ಮೇಲಿದ್ದ ಮುಖಂಡರೇ, ಇದನ್ನು ಮೆತ್ತಗೆ ಹೇಳುವ ಬಗೆ ನನಗೆ ತಿಳಿಯದು.

ದೋಹಾದ ಹೋಟೆಲೊಂದರಲ್ಲಿ ಸಭಾಂಗಣದ ಉಸ್ತುವಾರಿ ನನ್ನದು. ರಾಜ್ಯಶಾಸ್ತ್ರ ಓದಿ ಕುರ್ಚಿ ಹಾಕಿಸಲು ಹೋದವಳೆಂದು ಊರಿನಲ್ಲಿ ನಗುತ್ತಾರೆ. ಅಂತರ್ಯುದ್ಧ ಈಚೆಗಷ್ಟೇ ನಿಂತ ನಿಮ್ಮ ದೇಶದ ರಾಷ್ಟ್ರಾಧ್ಯಕ್ಷ ಪದವಿಗೆ ನಿಮ್ಮ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸಲು ನಮ್ಮಲ್ಲಿ ಸೇರಿತ್ತು. ಅಂಥ ಸಭೆಗೆ ಬೇಕಾದಷ್ಟು ದೊಡ್ಡ ಚಾವಣಿ ನಿಮ್ಮ ರಾಜಧಾನಿಯಲ್ಲಿ ಉಳಿದಿರಲಿಲ್ಲವಂತೆ.

ಪ್ರತಿನಿಧಿಗಳಲ್ಲಿ ಒಬ್ಬರು ಇಲ್ಲಿನ ಐನ್ ಖಾಲಿದ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ, ನಿಮ್ಮದೇ ದೇಶದ ಟೀಚರ್. ಯುದ್ಧದ ನಡುವೆ ಅವರ ಮಗನನ್ನು ಇದೇ ಪಕ್ಷದ ಬಂದೂಕುಧಾರಿಗಳು ಮನೆಯಿಂದ ಎಳೆದೊಯ್ದಿದ್ದರು. ಅವನು ಮರಳಲಿಲ್ಲ. ಆದರೂ ಆ ಪಕ್ಷದಲ್ಲೇ ಏಕಿದ್ದೀರಿ ಎಂದು ಒಮ್ಮೆ ಕೇಳಿದ್ದೆ. ಹೊರಗಿನವರು ಕೇಳಿದರೆ ಮುಖಂಡರು ಬಾಯಿ ಬಿಡುವುದಿಲ್ಲ, ಒಳಗಿದ್ದರೆ ಕೇಳಿಸಿಕೊಳ್ಳಲೇಬೇಕಲ್ಲ ಎಂದಿದ್ದರು.

ಆಯ್ಕೆಗೆ ಮುಂಚೆ ಟೀಚರ್ ಎದ್ದುನಿಂತರು. ಅನುವಾದದ ಇಯರ್‌ಫೋನ್ ನನ್ನ ಕಿವಿಯಲ್ಲಿತ್ತು.

"ನನ್ನ ಮಗ ಎಲ್ಲಿ? ಸತ್ತಿದ್ದರೆ ಎಲ್ಲಿ ಹೂಳಿದ್ದೀರಿ? ಅದನ್ನು ಹೇಳಿ, ಆಮೇಲೆ ಕೈ ಎತ್ತುತ್ತೇನೆ."

ಪ್ರಾರ್ಥನೆಯ ಸಮಯವಾಯಿತು ಎಂದಿರಿ, ಅಧ್ಯಕ್ಷರೇ. ಮರಳಿದ ಮೇಲೆ ಮೊದಲ ಅವಕಾಶ ಟೀಚರಿಗೇ ಎಂದು ಎಲ್ಲರೆದುರು ಮಾತು ಕೊಟ್ಟಿರಿ.

ಗಂಡಸರ ಪ್ರಾರ್ಥನಾ ಕೋಣೆ ಸಭಾಂಗಣಕ್ಕೆ ಅಂಟಿಕೊಂಡೇ ಇದೆ. ಹೆಂಗಸರದು ಕೆಳಗೆ, ಪಾರ್ಕಿಂಗ್ ದಾಟಿದ ಮೇಲೆ. ಹೆಂಗಸರು ಮೇಲೆ ಬರುವಷ್ಟರಲ್ಲಿ ಎತ್ತಿದ ಕೈಗಳು ಇಳಿದಿದ್ದವು. ಗಂಡಸರು ಅಭ್ಯರ್ಥಿಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಟೀಚರ್ ಮೈಕಿನತ್ತ ನಡೆದರು.

"ಮೇಡಂ, ಖಲಾಸ್," ಎಂದಿರಿ ಅಧ್ಯಕ್ಷರೇ, ನಗುತ್ತಲೇ.

ನಾನು ವೇದಿಕೆಯತ್ತ ಹೊರಟದ್ದನ್ನು ಕಂಡು ನಮ್ಮ ಮಂಗಳೂರಿನ ಮ್ಯಾನೇಜರ್ ಅಡ್ಡ ಬಂದರು. "ಇದು ನಮ್ಮ ಊರೂ ಅಲ್ಲ, ಅವರ ಊರೂ ಅಲ್ಲ ಮಾರಾಯ್ತಿ. ನೀನು ಕುರ್ಚಿ ತೆಗೆಸು."

ತೆಗೆಸಿದೆ. ಮನೆಗೆ ಮರಳುವಾಗ ಕಾರಿನಲ್ಲಿ ಟೀಚರ್ ಚಪ್ಪಲಿ ಕಳಚಿ ಪಾದ ಒತ್ತಿಕೊಳ್ಳುತ್ತಿದ್ದರು. ಮುಂದಿನ ಸಲ ಕೆಳಗೆ ಹೋಗುವುದಿಲ್ಲ, ಮೈಕಿನ ಪಕ್ಕದಲ್ಲೇ ಚಾಪೆ ಹಾಸುತ್ತೇನೆ ಎಂದರು.

ಆದುದರಿಂದ ಈ ವಿನಂತಿ. ನೀವು ಕೊಟ್ಟ ಮಾತು ಇನ್ನೂ ಈಡೇರಿಲ್ಲ. ಅದೇ ಪ್ರತಿನಿಧಿಗಳನ್ನು ಮತ್ತೆ ಕರೆಯಿರಿ. ಕುರ್ಚಿಗಳನ್ನು ನಾನೇ ಹಾಕಿಸುತ್ತೇನೆ. ಮೊದಲು ಟೀಚರಿಗೆ ಮಾತನಾಡಲು ಬಿಡಿ. ಅವರ ಮಗ ಎಲ್ಲಿದ್ದಾನೆಂದು ಎಲ್ಲರೆದುರು ತಿಳಿಸಿ, ಆ ಬಳಿಕವೇ ಅಭ್ಯರ್ಥಿಯನ್ನು ಆರಿಸಬೇಕೆಂದು ಕೋರುತ್ತೇನೆ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇವೆ.